ಹದಿನಾರು ಮಿಲಿಮೀಟರಿನ ಲೆಕ್ಕ

ಮೈಸೂರಿನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ದೊಡ್ಡಪ್ಪನ ಕಾರ್ನೆಟ್‌ನ ಮೌತ್‌ಪೀಸ್ ಕರವಸ್ತ್ರದಲ್ಲಿ ಸುತ್ತಿಟ್ಟಂತೆಯೇ ಇತ್ತು. ಕಾರ್ನೆಟ್ ಎಂದೋ ಮಾರಿಹೋಗಿತ್ತು. ಮದುವೆಯ ಬ್ಯಾಂಡ್ ಸೆಟ್‌ನಲ್ಲಿ ಮೂವತ್ತು ವರ್ಷ ಊದಿದ ಮನುಷ್ಯ ವಾದ್ಯವನ್ನು ಬಿಟ್ಟುಕೊಟ್ಟರೂ ತುಟಿಗೆ ತಾಗುವ ಆ ಬೆರಳುದ್ದದ ಲೋಹವನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ಟ್ರಂಪೆಟ್ ಕಲಿಯಲು ಹೊರಟ ಈ ಅಂಕಣಕಾರನ ಕೈಗೆ ಮೊದಲು ಸಿಕ್ಕಿದ್ದು ಅದೇ.

ಅದು ಟ್ರಂಪೆಟ್‌ಗೆ ಕೂರಲಿಲ್ಲ. ಮೌತ್‌ಪೀಸಿನ ಬಾಲದಂಥ ಭಾಗಕ್ಕೆ ಶ್ಯಾಂಕ್ ಎನ್ನುತ್ತಾರೆ. ಕಾರ್ನೆಟ್‌ನ ಶ್ಯಾಂಕ್ ಟ್ರಂಪೆಟ್‌ನದಕ್ಕಿಂತ ಗಿಡ್ಡ, ಸಪೂರ. ಟ್ರಂಪೆಟ್‌ನ ಕೊಳವೆಗೆ ತೂರಿಸಿದರೆ ಬೇಕಾದ್ದಕ್ಕಿಂತ ಒಳಗೆ ಇಳಿದು ಅಲ್ಲಾಡುತ್ತದೆ, ಗಾಳಿ ಸೋರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಎರಡೂ ವಾದ್ಯಗಳು ನೋಡಲು ಅಣ್ಣತಮ್ಮಂದಿರಂತಿವೆ. ಅಂಗಡಿಯಲ್ಲಿ ಎರಡರ ಮೌತ್‌ಪೀಸ್‌ಗಳೂ ಒಂದೇ ತಟ್ಟೆಯಲ್ಲಿ ಬಿದ್ದಿರುತ್ತವೆ. ಹಳೆಯದನ್ನು ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಟ್ರಂಪೆಟ್‌ನದೋ, ಕಾರ್ನೆಟ್‌ನದೋ?

ಅಲ್ಲಿಂದ ಮುಂದಿನ ಇಪ್ಪತ್ತೆರಡು ತಿಂಗಳಲ್ಲಿ ಅಂಕಣಕಾರ ಐದು ಮೌತ್‌ಪೀಸ್ ಕೊಂಡ. ಒಂದೊಂದರ ಖರ್ಚನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ. ಆ ಪುಟ ಇಲ್ಲಿ ಬಿಚ್ಚಿಡುವುದಕ್ಕೆ ಕಾರಣವಿದೆ. ಟ್ರಂಪೆಟ್‌ನಲ್ಲಿ ದೊಡ್ಡ ಹಣ ಹೋಗುವುದು ವಾದ್ಯಕ್ಕೆ, ಅದು ಎಲ್ಲರಿಗೂ ಗೊತ್ತು, ಆ ಖರೀದಿಗೆ ಮನೆಮಂದಿಯೆಲ್ಲ ಕೂತು ಯೋಚಿಸುತ್ತಾರೆ. ಸದ್ದಿಲ್ಲದೆ ಸೋರುವ ಹಣ ಮೌತ್‌ಪೀಸ್‌ನದು.

ವಾದ್ಯ ಸೆಕೆಂಡ್ ಹ್ಯಾಂಡ್ ಯಮಹಾ, ವಿದ್ಯಾರ್ಥಿಗಳ ಮಾದರಿ. ಅದರ ಪೆಟ್ಟಿಗೆಯಲ್ಲೇ 11ಬಿ4 ಎಂದು ಕೊರೆದ ಮೌತ್‌ಪೀಸ್ ಇತ್ತು. ಪೊಲೀಸ್ ಬ್ಯಾಂಡ್‌ನಿಂದ ನಿವೃತ್ತರಾದ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದೇ ಸಾಕು. ತುಟಿ ಕಟ್ಟೋವರೆಗೂ ಏನನ್ನೂ ಬದಲಾಯಿಸ್ಬೇಡಿ” ಎಂದರು. ತುಟಿ ಕಟ್ಟುವುದು ಎಂದರೆ ಬಾಯಿಯ ಸುತ್ತಿನ ಸ್ನಾಯುಗಳು ಒಂದು ಹದಕ್ಕೆ ಬಂದು, ದಿನವೂ ಅದೇ ಜಾಗದಲ್ಲಿ ಅದೇ ಬಿಗಿಯಲ್ಲಿ ನಿಲ್ಲುವುದು. ಅದಕ್ಕೆ ತಿಂಗಳುಗಳು ಬೇಕು. ಅಂಕಣಕಾರ ಆರು ವಾರ ಕಾದ.

ಆರು ವಾರದ ನಂತರ ಆನ್‌ಲೈನಿನಲ್ಲಿ ಒಂದು 7ಸಿ ಕಂಡಿತು. ಬೆಲೆ ₹650. ಯಾವ ಕಂಪನಿಯ ಹೆಸರೂ ಅದರ ಮೇಲಿರಲಿಲ್ಲ.

7ಸಿ ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. ವಿಯೆನ್ನಾದ ಹತ್ತಿರದ ಬಾಡೆನ್‌ನಲ್ಲಿ 1890ರಲ್ಲಿ ಹುಟ್ಟಿದ ವಿನ್ಸೆಂಟ್ ಬಾಕ್ ಓದಿದ್ದು ಎಂಜಿನಿಯರಿಂಗ್, ಬದುಕಿದ್ದು ಟ್ರಂಪೆಟ್‌ನಲ್ಲಿ. 1914ರಲ್ಲಿ ಅಮೆರಿಕಕ್ಕೆ ಹೋಗಿ ಬಾಸ್ಟನ್ ಸಿಂಫನಿಯಲ್ಲಿ ನುಡಿಸಿದರು. 1918ರಲ್ಲಿ ನ್ಯೂಯಾರ್ಕಿನಲ್ಲಿ 300 ಡಾಲರ್ ಕೊಟ್ಟು ಕಾಲಿನಿಂದ ತುಳಿಯುವ ಲೇತ್ ಒಂದನ್ನು ಕೊಂಡು ಮೌತ್‌ಪೀಸ್ ಕಡೆಯಲು ಕೂತರು. ಅವರು ಕಟ್ಟಿಕೊಟ್ಟ ಅಂಕಿ–ಅಕ್ಷರಗಳ ಕ್ರಮವೇ ಇವತ್ತು ಟ್ರಂಪೆಟ್ ನುಡಿಸುವವರ ಬಾಯಲ್ಲಿ ಓಡಾಡುವುದು. ಅಂಕಿ ಬಟ್ಟಲಿನ, ಅಂದರೆ ಮೌತ್‌ಪೀಸಿನ ಒಳಗುಳಿಯ, ಅಗಲ ಹೇಳುತ್ತದೆ, ಅಕ್ಷರ ಆಳ ಹೇಳುತ್ತದೆ. ಬಾಕ್‌ನಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ. ‘ಎ’ ಬಹಳ ಆಳ, ‘ಸಿ’ ನಡುವಿನದು, ‘ಇ’ ತೀರ ಆಳವಿಲ್ಲದ್ದು.

ಯಮಹಾಕ್ಕೆ ಬಂದರೆ ಎಲ್ಲ ತಿರುಗುಮುರುಗು. ಅಲ್ಲಿ ಅಂಕಿ ದೊಡ್ಡದಾದಷ್ಟೂ ಬಟ್ಟಲು ಅಗಲ, ‘ಎ’ ಎಂದರೆ ಆಳವಿಲ್ಲದ್ದು. ಕೊನೆಯ ಅಂಕಿ ರಿಮ್‌ನ, ಅಂದರೆ ತುಟಿಗೆ ಒತ್ತುವ ಅಂಚಿನ, ಆಕಾರ ಹೇಳುತ್ತದೆ. 11ರಿಂದ 7ಕ್ಕೆ ಹೋದರೆ ಒಂದು ಕಂಪನಿಯಲ್ಲಿ ಅಗಲ ಹೆಚ್ಚುತ್ತದೆ, ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಒಂದರ ಅಂಕಿಯನ್ನು ಇನ್ನೊಂದರ ಲೆಕ್ಕದಲ್ಲಿ ಓದಿ ತಪ್ಪಾದದ್ದನ್ನು ಕೊಂಡವರು ಅಂಕಣಕಾರನ ಪರಿಚಯದಲ್ಲೇ ಮೂವರಿದ್ದಾರೆ. ಮಿಲಿಮೀಟರ್ ನೋಡಿ ಕೊಳ್ಳೋಣ ಎಂದರೆ ಅದೂ ಪೂರ್ತಿ ಕೈಹಿಡಿಯುವುದಿಲ್ಲ. ಬಾಕ್ 7ಸಿಯ ಒಳ ಅಗಲ 16.20 ಮಿಲಿಮೀಟರ್, ಯಮಹಾ 11ಬಿ4ನದು 16.46 ಎಂದು ಆಯಾ ಕಂಪನಿಗಳ ಪಟ್ಟಿಯಲ್ಲಿರುತ್ತದೆ. ಬಟ್ಟಲಿನ ಗೋಡೆ ಇಳಿಜಾರು. ಅಂಚಿನಿಂದ ಎಷ್ಟು ಕೆಳಗೆ ಅಳೆದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ, ಎಲ್ಲರೂ ಒಂದೇ ಜಾಗದಲ್ಲಿ ಅಳೆಯುವುದಿಲ್ಲ.

₹650ರ ಮೌತ್‌ಪೀಸ್ ನಾಲ್ಕು ತಿಂಗಳು ಬಾಳಿತು. ಬೆಳ್ಳಿಯ ಲೇಪ ಅಂಚಿನಲ್ಲಿ ಎದ್ದು ಹಳದಿ ಹಿತ್ತಾಳೆ ಕಾಣಿಸಿತು, ಮೇಲ್ತುಟಿ ಕೆರೆಯತೊಡಗಿತು. ಮೌತ್‌ಪೀಸ್‌ಗೆ ಬೆಳ್ಳಿ ಅಥವಾ ಚಿನ್ನದ ಲೇಪ ಕೊಡುವುದು ಅಂದಕ್ಕಷ್ಟೇ ಅಲ್ಲ. ಬರೀ ಹಿತ್ತಾಳೆ ದಿನವೂ ತುಟಿಗೆ ತಾಗಿದರೆ ಹಲವರಿಗೆ ಚರ್ಮ ಉರಿಯುತ್ತದೆ. ಅದನ್ನು ಯಾರಿಗೂ ಮಾರಲಿಲ್ಲ. ಮಾರುವಂತೆಯೂ ಇರಲಿಲ್ಲ. ಪುಸ್ತಕದಲ್ಲಿ ಪೂರ್ತಿ ₹650 ನಷ್ಟ ಎಂದು ಬರೆಯಿತು ಕೈ.

ಅದು ಹೋದ ಮೇಲೆ ನಿಜವಾದ ಬಾಕ್ 7ಸಿಯನ್ನು ಬೆಂಗಳೂರಿನಲ್ಲಿ ಒಬ್ಬ ಕಾಲೇಜು ಹುಡುಗನಿಂದ ₹3,200ಕ್ಕೆ ಕೊಂಡದ್ದಾಯಿತು. ಏಳು ತಿಂಗಳು ಊದಿ, ಅದನ್ನೇ ₹3,000ಕ್ಕೆ ಮಾರಿದ್ದೂ ಆಯಿತು. ನಷ್ಟ ₹200. ಅಂದರೆ ತಿಂಗಳಿಗೆ ಮೂವತ್ತು ರೂಪಾಯಿಗೂ ಕಡಿಮೆ ಬಾಡಿಗೆ. ಈ ವ್ಯವಹಾರದಲ್ಲೇ ಅಂಕಣಕಾರನಿಗೆ ಮುಖ್ಯವಾದ ಸಂಗತಿ ಹೊಳೆದದ್ದು. ಮೌತ್‌ಪೀಸಿನ ನಿಜವಾದ ಖರ್ಚು ಅಂಗಡಿಯ ಚೀಟಿಯಲ್ಲಿರುವ ಬೆಲೆಯಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರ. ಎಲ್ಲರಿಗೂ ಹೆಸರು ಗೊತ್ತಿರುವ, ಎಲ್ಲ ಮೇಷ್ಟ್ರುಗಳೂ ಬರೆದುಕೊಡುವ ಮಾದರಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರೆ ಆ ಅಂತರ ಚಿಲ್ಲರೆಯಷ್ಟಿರುತ್ತದೆ. ಲೋಹ ಸವೆಯುವುದು ನಿಧಾನ. ಅಂಚಿನಲ್ಲಿ ಉಗುರಾಡಿಸಿ ಗೀರು ಇದೆಯೇ ನೋಡಬೇಕು, ಲೇಪ ಎದ್ದಿದೆಯೇ ನೋಡಬೇಕು, ಶ್ಯಾಂಕಿನ ತುದಿ ದುಂಡಗಿದೆಯೇ ನೋಡಬೇಕು. ಮೂರೂ ಸರಿಯಿದ್ದರೆ ಹಳೆಯದಕ್ಕೂ ಹೊಸದಕ್ಕೂ ನಾದದಲ್ಲಿ ವ್ಯತ್ಯಾಸವಿಲ್ಲ.

ಶ್ಯಾಂಕಿನ ತುದಿಯ ಪಾಠವಂತೂ ದುಬಾರಿಯಾಯಿತು. ಒಂದು ಸಂಜೆ ಮೌತ್‌ಪೀಸ್ ಕೈಜಾರಿ ಗ್ರಾನೈಟ್ ನೆಲಕ್ಕೆ ಬಿತ್ತು. ತುದಿ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿದ್ದು ಕಣ್ಣಿಗೆ ಬೀಳಲಿಲ್ಲ. ವಾದ್ಯಕ್ಕೆ ಹಾಕಿ ಊದಿ ಮುಗಿಸಿ ನೋಡಿದರೆ ತೆಗೆಯಲು ಬರುತ್ತಿಲ್ಲ. ಇಕ್ಕಳ ಹಿಡಿದು ತಿರುಚಿದಾಗ ಬಂದದ್ದು ಮೌತ್‌ಪೀಸ್ ಅಲ್ಲ, ಕೊಳವೆಯ ಬೆಸುಗೆ. ರಿಪೇರಿಯವರು ಪುಲ್ಲರ್ ಎಂಬ ಪುಟ್ಟ ತಿರುಪಿನ ಸಾಧನ ಹಾಕಿ ಒಂದು ನಿಮಿಷದಲ್ಲಿ ಮೌತ್‌ಪೀಸ್ ಬಿಡಿಸಿದರು. ತುದಿಯನ್ನು ಮತ್ತೆ ದುಂಡಗೆ ಮಾಡಿ, ಬಿಟ್ಟ ಬೆಸುಗೆಯನ್ನು ಕೂಡಿಸಿದ್ದಕ್ಕೆ ₹1,400 ಆಯಿತು. ಸಿಕ್ಕಿಹಾಕಿಕೊಂಡ ಮೌತ್‌ಪೀಸನ್ನು ಮನೆಯಲ್ಲಿ ಯಾರೂ ತಿರುಚಬಾರದು, ಪುಲ್ಲರ್ ಇದ್ದವರ ಹತ್ತಿರ ನೇರ ಹೋಗಬೇಕು.

ಇನ್ನು ದೊಡ್ಡ ತಪ್ಪಿನ ಮಾತು. ಒಂದು ವರ್ಷ ಕಳೆದರೂ ಮೇಲಿನ ಸ್ವರಗಳು ಬರುತ್ತಿರಲಿಲ್ಲ. ಬಟ್ಟಲು ಆಳವಿಲ್ಲದಿದ್ದರೆ ನಾದ ಹರಿತವಾಗುತ್ತದೆ, ತಾರಸ್ವರಗಳಲ್ಲಿ ಹೆಚ್ಚು ಹೊತ್ತು ನಿಲ್ಲಲು ನೆರವಾಗುತ್ತದೆ, ಇದು ನಿಜ. ಜಾಝ್ ತಂಡಗಳಲ್ಲಿ ಮೊದಲ ಟ್ರಂಪೆಟ್ ನುಡಿಸುವವರು ಅಂಥದ್ದನ್ನು ಬಳಸುವುದೂ ನಿಜ. ಹೆಸರಾಂತ ಕಂಪನಿಯೊಂದರ ಆ ಬಗೆಯ ಮೌತ್‌ಪೀಸ್ ಹೊಚ್ಚಹೊಸದು, ₹7,800. ಮೇಷ್ಟ್ರನ್ನು ಕೇಳದೆ ಕೊಂಡದ್ದಾಯಿತು. ಮೊದಲ ಹತ್ತು ನಿಮಿಷ ಸ್ವರ್ಗ. ಹತ್ತು ನಿಮಿಷದ ಮಟ್ಟಿಗೆ ಯಾವ ಹೊಸ ಮೌತ್‌ಪೀಸೂ ಹಳೆಯದಕ್ಕಿಂತ ಚೆನ್ನಾಗಿಯೇ ಕೇಳಿಸುತ್ತದೆ. ಮೂರನೇ ವಾರಕ್ಕೆ ಮಂದ್ರದ ಸ್ವರಗಳು ತೆಳ್ಳಗಾದವು. ದಪ್ಪ ತುಟಿ ಬಟ್ಟಲಿನ ತಳಕ್ಕೆ ಮುಟ್ಟಿ ಕಂಪನವೇ ನಿಲ್ಲುತ್ತಿತ್ತು. ಮೇಲಿನ ಸ್ವರ ಹಾಗೇ ಉಳಿಯಿತು, ಏಕೆಂದರೆ ಅಲ್ಲಿ ಕೊರತೆ ಇದ್ದದ್ದು ಬಟ್ಟಲಿನಲ್ಲಲ್ಲ, ಉಸಿರಿನಲ್ಲಿ.

ಮೇಲಿನ ಸ್ವರಗಳಿಗಾಗಿಯೇ ಜಗತ್ತಿಗೆ ಗೊತ್ತಿದ್ದ ಕೆನಡಾದ ಮೇನಾರ್ಡ್ ಫರ್ಗ್ಯುಸನ್ 1960ರ ದಶಕದ ಕೊನೆಗೆ ನಮ್ಮ ಗಡಿಯಾಚೆಯ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಗೆ ಬಂದು ಮಕ್ಕಳಿಗೆ ಕಲಿಸಿದ್ದರು. ತಮ್ಮ ಶಕ್ತಿಗೆ ಯೋಗದ ಉಸಿರಾಟ ಕಾರಣ ಎನ್ನುತ್ತಿದ್ದರು. ಮೇಷ್ಟ್ರು ಈ ಹೆಸರನ್ನು ಎತ್ತಿದ್ದು ಆಳವಿಲ್ಲದ ಆ ಮೌತ್‌ಪೀಸಿನಲ್ಲಿ ಮೂರು ತಿಂಗಳು ಕಳೆದ ಮೇಲೆ. “ಗಾಳಿಗೆ ದುಡ್ಡು ಕೊಡೋ ಹಾಗಿಲ್ಲ. ಬೆಳಿಗ್ಗೆ ಹದಿನೈದು ನಿಮಿಷ ಒಂದೇ ಸ್ವರ ಹಿಡೀರಿ” ಎಂದರು. ₹7,800 ಖರ್ಚಾದದ್ದಕ್ಕಿಂತ ಕಟ್ಟಿಕೊಂಡಿದ್ದ ತುಟಿ ಕಳಚಿಹೋದ ಆ ಮೂರು ತಿಂಗಳೇ ಅಂಕಣಕಾರನನ್ನು ಹೆಚ್ಚು ನೋಯಿಸಿದ್ದು. ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಅಗಲವಾದ 1½ಸಿ ಒಂದು ಬಂದು ಹೋಯಿತು. ₹3,600ಕ್ಕೆ ಬಂದದ್ದು ₹3,400ಕ್ಕೆ ಹೋಯಿತು. ನಾದ ತುಂಬಿಬರುತ್ತಿತ್ತು, ಆದರೆ ಇಪ್ಪತ್ತು ನಿಮಿಷಕ್ಕೆ ತುಟಿ ಸೋಲುತ್ತಿತ್ತು. ದಿನಕ್ಕೆ ಮೂರು ಗಂಟೆ ಊದುವವರ ಅಳತೆ ಅದು, ಕಚೇರಿ ಮುಗಿಸಿ ಬಂದು ಮುಕ್ಕಾಲು ಗಂಟೆ ಕೂರುವವರದಲ್ಲ.

ಐದನೆಯದು ಬಾಕ್ 3ಸಿ, ₹4,400. ಒಳ ಅಗಲ 16.30 ಮಿಲಿಮೀಟರ್, 7ಸಿಗಿಂತ ಹೆಚ್ಚಾದದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ಒಂದು ಕಾಗದದ ದಪ್ಪ. ಅದಕ್ಕಿಂತ ಮುಖ್ಯವಾದದ್ದು ಅಂಚು. 7ಸಿಯ ಒಳ ಅಂಚು ಮೊನಚು, ದಪ್ಪ ತುಟಿಯನ್ನು ಕಚ್ಚುತ್ತಿತ್ತು. 3ಸಿ ಅಷ್ಟು ಕಚ್ಚುವುದಿಲ್ಲ. ಆಳ ಬದಲಾಗಲಿಲ್ಲ, ಬದಲಾದದ್ದು ಅಗಲ ಮತ್ತು ಅಂಚು ಮಾತ್ರ. ಈ ಸಲ ಅಂಕಣಕಾರ ಅಂಗಡಿಗೆ ತನ್ನದೇ ಟ್ರಂಪೆಟ್ ಒಯ್ದಿದ್ದ, ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋಗಿದ್ದ. ಅರ್ಧ ಗಂಟೆ ಊದಿ ತುಟಿ ದಣಿದ ಮೇಲೆ, ಒಂದೇ ಆರೋಹಣವನ್ನು ಹಳೆಯದರಲ್ಲಿ ಒಮ್ಮೆ ಹೊಸದರಲ್ಲಿ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿದ. ಊದುವವನ ಕಿವಿಗೆ ಕೇಳಿಸುವುದಕ್ಕೂ ಹತ್ತಡಿ ದೂರದಲ್ಲಿ ಕೇಳಿಸುವುದಕ್ಕೂ ಎಷ್ಟು ಅಂತರ ಎಂದು ಅವತ್ತು ಗೊತ್ತಾಯಿತು.

ಆ ಅಂಗಡಿಯಲ್ಲೇ ಇನ್ನೊಂದು ಸಲಹೆ ಬಂತು: ಬಟ್ಟಲಿನ ತಳದ ರಂಧ್ರವನ್ನು ಕೊಂಚ ಅಗಲಿಸಿಕೊಡುತ್ತೇವೆ, ಗಾಳಿ ಸರಾಗ ಹೋಗುತ್ತದೆ. ಬಾಕ್‌ನ ಸಾಮಾನ್ಯ ರಂಧ್ರ 27ನೇ ನಂಬರಿನ ಡ್ರಿಲ್ಲಿನದು, 3.66 ಮಿಲಿಮೀಟರ್. ಅಗಲಿಸಿದರೆ ಸರಾಗ ಅನ್ನಿಸುತ್ತದೆ, ಆದರೆ ಉಸಿರು ಬೇಗ ಖಾಲಿಯಾಗುತ್ತದೆ. ಕೊರೆದ ಲೋಹವನ್ನು ಮತ್ತೆ ತುಂಬಲಾಗುವುದಿಲ್ಲ. ಕೊರೆದದ್ದನ್ನು ಕೊಳ್ಳುವವರೂ ಸಿಗುವುದಿಲ್ಲ, ಅಳತೆ ಏನಾಗಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅಂಕಣಕಾರ ಬೇಡ ಎಂದ.

ಪುಸ್ತಕದ ಒಟ್ಟು ಹೀಗಿದೆ. ರಿಪೇರಿ ಸೇರಿ ಖರ್ಚು ₹21,050. ಮೂರನ್ನು ಮಾರಿ ಬಂದದ್ದು ₹11,200. ಕೈಯಲ್ಲಿ ಉಳಿದ 3ಸಿಯ ₹4,400 ಬಿಟ್ಟರೆ ನಿಜವಾಗಿ ಹೋದದ್ದು ₹5,450. ಮೇಷ್ಟ್ರ ಪಾಠ ಒಂದಕ್ಕೆ ₹600. ಒಂಬತ್ತು ಪಾಠಗಳ ಹಣ ಅದು. ಅದರಲ್ಲಿ ₹3,000 ಆ ಆಳವಿಲ್ಲದ ಮೌತ್‌ಪೀಸ್ ಒಂದರಿಂದಲೇ ಹೋಯಿತು.

ಅದನ್ನು ಕೊಂಡದ್ದು ಮದುವೆ ಬ್ಯಾಂಡ್‌ನ ಇಪ್ಪತ್ತರ ಹುಡುಗ. ಅವನ ಟ್ರಂಪೆಟ್ ಮೀರತ್‌ನ ಜಾಲಿ ಕೋಠಿಯದು. ದೇಶದ ಬ್ಯಾಂಡ್ ಸೆಟ್‌ಗಳಿಗೆ ವಾದ್ಯ ಹೋಗುವ ಆ ಪೇಟೆಯಲ್ಲಿ ನಾದಿರ್ ಅಲಿ ಕಂಪನಿ 1885ರಿಂದ ಇದೆ. ದೊಡ್ಡಪ್ಪನ ತಂಡಕ್ಕೂ ಅಲ್ಲಿಂದಲೇ ಸಾಮಾನು ಬರುತ್ತಿತ್ತು. ಹುಡುಗ ರಸ್ತೆಯ ಬದಿಯಲ್ಲೇ ನಿಂತು ಅದನ್ನು ತನ್ನ ವಾದ್ಯಕ್ಕೆ ಸಿಕ್ಕಿಸಿ, ಸಿನಿಮಾ ಹಾಡೊಂದರ ಚರಣವನ್ನು ಮೇಲಿನ ಸ್ಥಾಯಿಯಲ್ಲಿ ಎತ್ತಿದ. ಜನರೇಟರ್ ಸದ್ದು, ಪಟಾಕಿ, ನಾಲ್ಕು ತಮಟೆಗಳ ನಡುವೆ ಮೂರು ಗಂಟೆ ದಿಬ್ಬಣದ ಮುಂದೆ ಊದುವವನಿಗೆ ಬೇಕಾದದ್ದು ಆ ಹರಿತವೇ. ಅಂಕಣಕಾರನ ತುಟಿಯಲ್ಲಿ ಉಸಿರುಗಟ್ಟಿದ್ದ ಲೋಹ ಅಲ್ಲಿ ಬೀದಿಯ ಕೊನೆಯವರೆಗೆ ಕೇಳಿತು.

“ನಾಲ್ಕೂವರೆಗೆ ಕೊಡಿ ಸಾರ್” ಎಂದ. ₹4,800ಕ್ಕೆ ಒಪ್ಪಂದವಾಯಿತು, ಅರ್ಧ ಆಗಲೇ, ಉಳಿದರ್ಧ ಮುಂದಿನ ತಿಂಗಳ ಮದುವೆಗಳು ಮುಗಿದ ಮೇಲೆ. ಹೇಳಿದ ವಾರಕ್ಕೆ ಸರಿಯಾಗಿ ಹಣ ಬಂತು, ಜೊತೆಗೆ ಫೋನಿಗೊಂದು ವಿಡಿಯೊ: ನಂಜನಗೂಡಿನ ಕಡೆಯ ಯಾವುದೋ ದಿಬ್ಬಣ, ಕೆಂಪು ಕೋಟು, ಮುಂದಿನ ಸಾಲಿನ ಬಲತುದಿಯಲ್ಲಿ ಅವನು.