ಮೈಲಿಗಲ್ಲಿನ ಮೇಲಿಟ್ಟ ಕೆಂಪು ಬಾಳೆ

2020ರ ಮಾರ್ಚ್ 10ರಂದು ಕೊರೊನಾಕ್ಕೆ ದೇಶದ ಮೊದಲ ಜೀವ ಹೋದದ್ದು ನಮ್ಮ ಕಲಬುರಗಿಯವರದು. ಎರಡು ದಿನಕ್ಕೆ ವರದಿ ಖಚಿತವಾಯಿತು. ಸದಾ ಗಿಜಿಗುಡುವ ಜಗತ್ ವೃತ್ತದಲ್ಲಿ ಜನ ಕಾಣದಾದರು. ಆ ದಿನಗಳಲ್ಲೇ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿಗೆ ಮನೆ ಖಾಲಿ ಮಾಡಲು ಹೇಳಿದರು. ಹೇಳಿದ ಮನೆಯೊಡತಿ ಕಲ್ಲು ಮನಸ್ಸಿನವರಲ್ಲ. ಹೋಳಿಗೆ ಮಾಡಿದ ದಿನ ಮೊದಲ ತಾಟು ಹೋಗುತ್ತಿದ್ದುದು ಆ ಹುಡುಗಿಗೇ. "ಮನ್ಯಾಗ ಸಣ್ಣ ಕೂಸದರೀ, ನಾ ಏನ್ ಮಾಡ್ಲಿ?" ಎಂದು ಅತ್ತರು. ಅಳುತ್ತಲೇ ಕೀಲಿಕೈ ಇಸಿದುಕೊಂಡರು.

ಮನುಷ್ಯ ಮೂಲತಃ ಸ್ವಾರ್ಥಿ ಎನ್ನುವವರಿಗೆ ಇಷ್ಟು ಸಾಕ್ಷಿ ಸಾಕು. ಆದರೆ ಮೇ ತಿಂಗಳಲ್ಲಿ ಔಷಧಿ ಮುಟ್ಟಿಸಲು ಕಮಲಾಪುರಕ್ಕೆ ಹೋದಾಗ ನಾನು ಕಂಡದ್ದು ಬೇರೆ. ಹೈದರಾಬಾದಿನ ಕಡೆಯಿಂದ ಹುಮನಾಬಾದ್ ಹಾದು ಕೂಲಿ ಜನ ಗಂಟುಮೂಟೆ ಹೊತ್ತು ನಡೆದು ಬರುತ್ತಿದ್ದರು. ನಮ್ಮ ಕಡೆಯ ಮೇ ಬಿಸಿಲು ಗೊತ್ತಲ್ಲ, ಡಾಂಬರಿನ ಮೇಲೆ ಚಪ್ಪಲಿ ಅಂಟುತ್ತದೆ. ರಸ್ತೆ ಬದಿಯ ಹೊಲದಿಂದ ಒಬ್ಬ ರೈತ ಬಂದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ದೊಡ್ಡ ಚಿಪ್ಪು, ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಹೆಮ್ಮೆಯ ಹಣ್ಣು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಚಿಪ್ಪನ್ನು ಮೈಲಿಗಲ್ಲಿನ ಮೇಲಿಟ್ಟು, ಪಕ್ಕದಲ್ಲಿ ನೀರಿನ ಕೊಡ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ಕೂಗಿದ: "ತಗೋರ್ಯಪ್ಪಾ, ಕೂಸುಗಳಿಗೆ ಮೊದಲ ಕೊಡ್ರಿ."

ಆ ಹತ್ತು ಹೆಜ್ಜೆಯನ್ನು ನಾನು ಇಂದಿಗೂ ಬಿಡಿಸಿ ನೋಡುತ್ತಿರುತ್ತೇನೆ. ಹಿಂದೆ ಸರಿದದ್ದು ತನ್ನ ಜೀವದ ಆಸೆಗೆ, ಹಣ್ಣು ಇಟ್ಟದ್ದು ಅವರ ಹಸಿವಿಗೆ. ಎರಡೂ ಒಬ್ಬನೇ ಮನುಷ್ಯನಲ್ಲಿ, ಒಂದೇ ಗಳಿಗೆಯಲ್ಲಿ. ಗೆಳೆಯರೊಬ್ಬರು, "ಪ್ಯಾಟಿ ಬಂದಾಗಿತ್ತು, ಹ್ಯಾಂಗೂ ಕೊಳೀತಿತ್ತು, ಕೊಟ್ಟ" ಎಂದರು. ಕೊಳೆಯುವುದನ್ನು ತಿಪ್ಪೆಗೆ ಹಾಕುವುದು ಸುಲಭವಿತ್ತು. ಬಿಸಿಲಲ್ಲಿ ಹೊತ್ತು ತಂದು, ಕೂಸುಗಳ ನೆನಪು ಮಾಡುವ ಅಗತ್ಯವಿರಲಿಲ್ಲ. ಸ್ವಾರ್ಥದ ಅರ್ಥಶಾಸ್ತ್ರ ಹೇಳಿದವನೆಂದೇ ಹೆಸರಾದ ಆಡಮ್ ಸ್ಮಿತ್ ಕೂಡ, ಅದಕ್ಕೂ ಮೊದಲು 1759ರಲ್ಲಿ ಬರೆದ ಪುಸ್ತಕವನ್ನು ಶುರು ಮಾಡುವುದು ಮನುಷ್ಯ ಎಷ್ಟೇ ಸ್ವಾರ್ಥಿಯಾದರೂ ಪರರ ಸುಖದುಃಖ ಅವನನ್ನು ತಟ್ಟುತ್ತದೆ ಎಂಬಲ್ಲಿಂದ.

ಹಾಗಾದರೆ ನಮ್ಮ ಮನೆಯೊಡತಿಯ ಅಳು ಯಾಕೆ ಆ ಹುಡುಗಿಯ ಕೆಲಸಕ್ಕೆ ಬರಲಿಲ್ಲ? ಕರುಣೆ ಇತ್ತು, ಅದಕ್ಕೊಂದು ದಾರಿ ಇರಲಿಲ್ಲ. ಭಯ ಬಂದ ದಿನ ಒಬ್ಬಂಟಿ ಮನಸ್ಸಿನ ಮೇಲೆ ಎಲ್ಲ ಭಾರ ಬಿತ್ತು. ಇದನ್ನು ನಮ್ಮ ಊರಿನ ಹಿರಿಯರು ಮೊದಲೇ ಅರಿತಿದ್ದರು ಎನಿಸುತ್ತದೆ. ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು (1746–1822) ಹೊಲದ ಜೋಳ ತಿನ್ನುವ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರೆಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ನನಗೆ ಆ ಕಥೆಗಿಂತ ದೊಡ್ಡದಾಗಿ ಕಾಣುವುದು ಅವರ ದಾಸೋಹ. ಅಲ್ಲಿ ಉಣಬಡಿಸುವವನಿಗೆ ಇಂದು ಮನಸ್ಸಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಒಲೆ ಹೊತ್ತುತ್ತದೆ, ಪಂಕ್ತಿ ಕೂರುತ್ತದೆ, ಬಂದವರ ಜಾತಿ, ಊರು ವಿಚಾರಿಸದೆ ಬಡಿಸಬೇಕು. ಬಡಿಸುತ್ತ ಬಡಿಸುತ್ತ ಮನಸ್ಸೂ ಹದವಾಗುತ್ತದೆ. ಕರುಣೆ ಬದುಕನ್ನು ನಡೆಸಬೇಕಾದರೆ ಅದಕ್ಕೆ ಇಂಥ ರೂಢಿ ಬೇಕು, ಬರೀ ಕಣ್ಣೀರು ಸಾಲದು.

ನಮ್ಮ ಓಣಿಯಲ್ಲಿ ಈಗ ಬೇಸಿಗೆಗೆ ಅರವಟ್ಟಿಗೆ ಇಡುತ್ತೇವೆ. ಯಾವ ವಾರ ಯಾರ ಮನೆಯವರು ಕೊಡ ತುಂಬಬೇಕು ಎಂಬ ಪಾಳಿ ಯುಗಾದಿಗೇ ಗೊತ್ತಾಗುತ್ತದೆ. ಮನೆಯೊಡತಿ ತಮ್ಮ ವಾರ ಎಂದೂ ತಪ್ಪಿಸಿಲ್ಲ. ಆ ಹುಡುಗಿ ಮಾತ್ರ ತಿರುಗಿ ಬರಲಿಲ್ಲ. ಸೋಂಕಿನ ಕಾಲದಲ್ಲಿ ಆಸ್ಪತ್ರೆಯ ಕೆಲಸದವರನ್ನು ಯಾರೂ ಮನೆ ಬಿಡಿಸಕೂಡದು, ಆ ಮನೆಯ ಕೂಸು, ಮುದುಕರನ್ನು ಅಷ್ಟು ದಿನ ಉಳಿದವರು ತಮ್ಮಲ್ಲಿ ಇಟ್ಟುಕೊಳ್ಳಬೇಕು ಎಂಬ ಒಪ್ಪಂದವೂ ಓಣಿಯಲ್ಲಿ ಆಗಬೇಕೆಂದು ಕೇಳುತ್ತಿದ್ದೇನೆ. ಕೆಲವರು ಹೂಂ ಅಂದಿದ್ದಾರೆ, ಕೆಲವರು ಆಗ ನೋಡೋಣ ಅನ್ನುತ್ತಾರೆ. ಈ ಯುಗಾದಿಗೂ ಆ ಮಾತು ಎತ್ತುವವನಿದ್ದೇನೆ.