ಮುಂದೆ ಬಂದವನು ಯಾರು?

ನಮ್ಮ ಹಳ್ಳಿಗಳಲ್ಲಿ ಒಬ್ಬನನ್ನು ಹೊಗಳಬೇಕಾದರೆ ‘ಅವನು ಮುಂದೆ ಬಂದನು’ ಅನ್ನುತ್ತೇವೆ. ಈ ಮಾತನ್ನು ಸ್ವಲ್ಪ ನಿಂತು ವಿಚಾರಿಸೋಣ. ಒಬ್ಬನು ಮುಂದೆ ಬರಬೇಕಾದರೆ ಮತ್ತೊಬ್ಬನು ಹಿಂದೆ ಉಳಿಯಲೇಬೇಕು. ಹೀಗೆ ನಾವು ನೆರೆಯವರನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಮಕ್ಕಳನ್ನು ಅಳೆಯುತ್ತೇವೆ. ಅಜ್ಜಂದಿರ ಕಾಲಕ್ಕೆ ಮಾಮಲೇದಾರನ ಕುರ್ಚಿಯು ಆ ಕೋಲಾಗಿತ್ತು; ಈಗ ಪುಣೆ ಬೆಂಗಳೂರುಗಳ ಕಂಪನಿಯ ಸಂಬಳವು ಆಗಿದೆ.

ಬೇರೆ ಕೋಲನ್ನು ಹಿಡಿದವರು ಬೆಳಗಾವಿಯಲ್ಲಿಯೇ ಇದ್ದರು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಸೀಮೆಯ ಹುಡುಗನು ಬಿ.ಎ. ಮಾಡಬೇಕಾದರೆ ಪುಣೆಯಂಥ ದೂರದ ಊರಿಗೆ ಹೋಗಬೇಕಾಗಿತ್ತು. ಹಾಗೆ ಓದಿ ಬಂದವನು ಸರಕಾರಿ ಹುದ್ದೆ ಹಿಡಿಯುವನೆಂದು ಮನೆಯವರೂ ಊರವರೂ ಕಾದಿರುವದು ಸಹಜವೇ. ಆದರೆ ಅದೇ ಪುಣೆಯಲ್ಲಿ 1884ರಿಂದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಎಂಬ ಸಂಸ್ಥೆಯಿತ್ತು. ಅದರ ಆಜೀವ ಸದಸ್ಯರು ಅಲ್ಪ ವೇತನದ ಮೇಲೆ ಬಹು ವರ್ಷ ಕಲಿಸುವೆವೆಂದು ಮಾತು ಕೊಡುತ್ತಿದ್ದರು. ಗೋಪಾಳ ಕೃಷ್ಣ ಗೋಖಲೆಯವರೂ ಅವರಲ್ಲೊಬ್ಬರು. ನಮ್ಮ ತರುಣರು ಪುಣೆಯಿಂದ ಪದವಿಯೊಡನೆ ಈ ಮಾದರಿಯನ್ನೂ ತಂದರು.

1916ನೆಯ ಇಸವಿಯ ನವಂಬರ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಸಾಲೆ ಆರಂಭವಾಯಿತು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ಎಚ್.ಎಫ್. ಕಟ್ಟೀಮನಿ, ಸರದಾರ ವಿ.ವಿ. ಪಾಟೀಲ ಎಂಬ ಏಳು ಮಂದಿಯನ್ನು ಅದರ ಸ್ಥಾಪಕರೆಂದು ಜನರು ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಕೆ.ಎಲ್.ಇ. ಸಂಸ್ಥೆಯು ಹುಟ್ಟಿದ್ದು ಹೀಗೆ. ಸರಕಾರಿ ನೌಕರಿಯೇ ಹೀನವೆಂದು ಯಾರೂ ತಿಳಿಯಬಾರದು. ಇವರಿಗೆ ಬೆಂಬಲವಾಗಿ ನಿಂತ ಅರಟಾಳ ರುದ್ರಗೌಡರು ಸರಕಾರದ ಅಧಿಕಾರಿಗಳೇ ಆಗಿದ್ದರು. ಆ ಸಾಲೆಗೆ ಮುಂದೆ ಗಿಲಗಂಚಿ ಅರಟಾಳ ಹಾಯಸ್ಕೂಲ್ ಎಂಬ ಹೆಸರಾಯಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮರಣಪತ್ರದಿಂದ ವಿದ್ಯೆಗೆ ಬಿಟ್ಟಿದ್ದರು. 1933ರಲ್ಲಿ ಇದೇ ಸಂಸ್ಥೆಯವರು ತೆರೆದ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಇಲ್ಲಿ ನಾವು ಎಚ್ಚರದಿಂದಿರಬೇಕು. ಈಗ ಆ ಸಂಸ್ಥೆಯು ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ಮೊದಲಾದವುಗಳಿಂದ ವಿಶಾಲವಾಗಿ ಬೆಳೆದದೆ. ಅದನ್ನು ತೋರಿಸಿ, ‘ನೋಡಿರಿ, ಅವರು ಎಷ್ಟು ಮುಂದೆ ಬಂದರು!’ ಎಂದು ಹೊಗಳುವದು ಸುಲಭ. ಹಾಗೆ ಹೊಗಳಿದರೆ ಅವರು ಬಿಟ್ಟುಕೊಟ್ಟ ಕೋಲನ್ನೇ ತಿರುಗಿ ಅವರ ಮೇಲೆ ಹಿಡಿದಂತಾಯಿತು. 1916ರಲ್ಲಿ ಅವರ ಕಣ್ಣ ಮುಂದೆ ಇದ್ದದ್ದು ಒಂದು ಸಾಲೆ ಮಾತ್ರ. ಅದು ಹತ್ತು ವರ್ಷಕ್ಕೆ ಮುಚ್ಚಿಹೋಗಿದ್ದರೆ? ಆ ಹತ್ತು ವರ್ಷ ಅಲ್ಲಿ ಅಕ್ಷರ ಕಲಿತ ಹುಡುಗರು ಸುಳ್ಳಾಗುತ್ತಿದ್ದರೋ? ಆಗುತ್ತಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಮತ್ತೊಂದು ಮಾತು. ಕಡಿಮೆ ಸಂಬಳದ ಭಾರವು ಕಲಿಸುವವನ ಮೇಲೆ ಮಾತ್ರ ಬೀಳುವದಿಲ್ಲ, ಒಲೆಯ ಮುಂದೆ ಕೂತವಳ ಮೇಲೂ ಬೀಳುವದು. ತ್ಯಾಗಿಗಳ ಚರಿತ್ರೆ ಬರೆಯುವವರು ಆಕೆಯನ್ನು ಕೇಳಿದ್ದು ಕಡಿಮೆ. ನಮ್ಮಲ್ಲಿ ಯಾವನಾದರೂ ತನ್ನದೇ ದಾರಿ ಹಿಡಿಯುವದಾದರೆ ಮೊದಲು ಮನೆಯಲ್ಲಿ ಕೂತು ಲೆಕ್ಕವನ್ನು ಬಿಚ್ಚಿ ಹೇಳಲಿ. ಸಾಲವನ್ನು ಹೆಂಡತಿಗೂ ಮುದುಕ ತಂದೆಗೂ ಬಿಟ್ಟು ‘ನನ್ನ ಅಳತೆ ಬೇರೆ’ ಅನ್ನುವವನು ಮೈಗಳ್ಳನೇ ಸರಿ.

ಪದವಿ ಪಡೆದವರ ಮಾತು ಇಷ್ಟಾಯಿತು, ಕೈಕೆಲಸದವರ ಗತಿಯೇನು? ಅದಕ್ಕೆ ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರಕ್ಕೆ ಹೋಗೋಣ. ಮಲಪ್ರಭೆಯು ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲಿ ಹರಿಯುತ್ತದೆ. ಆ ಊರು ಮಣ್ಣಿನ ಪಾತ್ರೆಗೂ ಹಂಚಿಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ಅದೆ. ಆದರೂ ಇಂದಿನ ದಿನ ಕುಂಬಾರನ ಮಗನು ತಿಗರಿಯ ಮುಂದೆ ಕೂತರೆ, ಒಕ್ಕಲಿಗನ ಮಗನು ಹೊಲದಲ್ಲಿ ಉಳಿದರೆ, ಅವನಿಗೆ ಹೆಣ್ಣು ಕೊಡಲಿಕ್ಕೆ ಜನ ಹಿಂದೆಗೆಯುತ್ತಾರೆ. ಪಟ್ಟಣದ ಬಾಡಿಗೆಯ ಕೋಣೆಯಲ್ಲಿದ್ದು ಅವನ ಅರ್ಧ ಗಳಿಸುವವನಿಗೆ ಸಂಬಂಧಗಳು ಬರುತ್ತವೆ. ಹೊಲಕ್ಕೆ ತಿರುಗಿ ಬಂದವನನ್ನು ‘ಸೋತು ಬಂದನು’ ಅನ್ನುವವರು ನಾವೇ ಅಲ್ಲವೇ?

ಸುಟ್ಟು ತೆಗೆದ ಗಡಿಗೆಯನ್ನು ಕುಂಬಾರನು ಹ್ಯಾಗೆ ಪರೀಕ್ಷಿಸುವನು? ಬೆರಳಿನಿಂದ ತಟ್ಟಿ ಕಿವಿಗೊಡುವನು. ಬಿರುಕಿದ್ದರೆ ಒಡಕು ದನಿ, ಗಟ್ಟಿಯಾಗಿದ್ದರೆ ಗಣಗಣ ನಾದ. ನೆರೆಯವನ ಗಡಿಗೆಯು ಸಂತೆಯಲ್ಲಿ ಎಷ್ಟಕ್ಕೆ ಹೋಯಿತೆಂಬದರಿಂದ ತನ್ನದರ ಬಿರುಕು ತಿಳಿಯುವದಿಲ್ಲ. ಬೆಲೆಯೂ ಬೇಕು, ಅವನೂ ಉಣ್ಣಬೇಕಷ್ಟೆ. ಆದರೆ ತಟ್ಟುವ ಕೆಲಸವನ್ನು ಅವನು ಸಂತೆಗೆ ಒಪ್ಪಿಸುವದಿಲ್ಲ.

ಈ ತಿಂಗಳು ಕೂಟದಲ್ಲಿ ಹಿರಿಯರು ಎರಡು ಪ್ರಶ್ನೆಗಳನ್ನು ವಿಚಾರಿಸಬಹುದು. ನಮ್ಮ ಊರಲ್ಲಿ ‘ಹಿಂದೆ ಉಳಿದನು’ ಎಂದು ನಾವು ಹೇಳುವ ಮನುಷ್ಯನು ನಿಜವಾಗಿ ಏನು ಮಾಡುತ್ತಿದ್ದಾನೆ? ಅವನ ಮನೆಗೆ ನಮ್ಮ ಮಗಳನ್ನು ಕೊಡಲಿಕ್ಕೆ ನಾವು ಸಿದ್ಧರಿದ್ದೇವೆಯೋ?