ಜೀಪನ್ನು ಎತ್ತರಿಸುವ ಮುನ್ನ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ಕಮಾನುಗಳ ವಿಷಯವಾಗಿ ಬರೆಯಹೊರಟರೆ, ‘ಈ ಉಸಾಬರಿ ನಿನಗೇಕಪ್ಪಾ?’ ಎಂದು ವಾಚಕರು ಕೇಳುವುದು ಸಹಜ. ನನ್ನ ಐಚ್ಛಿಕ ವಿಷಯ ಇತಿಹಾಸ. ಆದರೆ ನಮ್ಮ ಮನೆ ಇರುವುದು ಮೂಡಿಗೆರೆಯ ಕಡೆಯ ಮಲೆನಾಡಿನಲ್ಲಿ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಒಳಗೆ. ಮಳೆಗಾಲದಲ್ಲಿ ಆ ದಾರಿಯನ್ನು ಹಾಯುವ ವಾಹನವೆಂದರೆ ತಂದೆಯವರ ಹಳೆಯ ಜೀಪು ಒಂದೇ. ಬೆಳಿಗ್ಗೆ ಸುತ್ತಣ ಮನೆಗಳ ಮಕ್ಕಳು ಅದರಲ್ಲಿಯೇ ಶಾಲೆಗೆ ಹೋಗಬೇಕು. ಸುಗ್ಗಿಯಲ್ಲಿ ಕಾಫಿಯ ಚೀಲಗಳು ಅದರಲ್ಲಿಯೇ ಹೊರಡಬೇಕು. ನನ್ನ ಕಾಲೇಜಿನ ಶುಲ್ಕವೂ ಅದರ ಬಾಡಿಗೆಯಿಂದಲೇ ಹುಟ್ಟುವುದು. ಹೀಗಿರುವಲ್ಲಿ ಅದರ ಕಮಾನುಗಳ ಯೋಗಕ್ಷೇಮ ನನಗೆ ಹೊರಗಿನ ವಿಷಯವೇನೂ ಅಲ್ಲ. ಅಲ್ಲದೆ ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ನಿಮಿತ್ತ.

ನಮ್ಮದು ವಿಲ್ಲಿಸ್ ಸಿಜೆ-3ಬಿ ಜಾತಿಯ ಜೀಪು. ಈ ಮಾದರಿಯು 1953ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು ಪರವಾನಗಿ ಪಡೆದು ಬಹುಕಾಲ ತಯಾರಿಸಿದರು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಣ ದೂರ 80 ಅಂಗುಲ. ಎಡಬಲ ಚಕ್ರಗಳ ನಡುವಣ ದೂರ ಸುಮಾರು 48 ಅಂಗುಲ. ನಾಲ್ಕು ಮೂಲೆಗೂ ಉಕ್ಕಿನ ಪಟ್ಟಿಗಳ ಕಮಾನು. ಕಮಾನು ಆಕ್ಸಲಿನ ಕೆಳಗೆ. ಈ ಅಳತೆಗಳನ್ನು ವಾಚಕರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಮಾತೆಲ್ಲ ಇವುಗಳ ಮೇಲೆ ನಿಂತಿದೆ.

ನಮ್ಮ ದಾರಿಯ ಒಂದು ತಿರುವಿನಲ್ಲಿ ಚಕ್ರಗಳ ಜಾಡು ಆಳವಾಗಿ ಕೊರೆದು, ನಡುವೆ ಮಣ್ಣಿನ ದಿಣ್ಣೆ ಉಳಿದಿದೆ. ಪ್ರತಿ ಜುಲೈನಲ್ಲಿಯೂ ಜೀಪು ಅಲ್ಲಿ ಹೊಟ್ಟೆಯೂರಿ ಕುಳಿತುಬಿಡುವುದು. ‘ಗಾಡಿಯನ್ನು ಮೂರು ಅಂಗುಲ ಎತ್ತರಿಸಿಬಿಟ್ಟರೆ ಈ ಕಾಟವೇ ಇರದು’ ಎಂದು ನಾನು ಹಠ ಹಿಡಿದೆ. ಎತ್ತರದ ಜೀಪುಗಳ ಚಿತ್ರಗಳನ್ನು ನೋಡಿ ನೋಡಿ ಮನಸ್ಸಿಗೆ ಬಂದ ಚಪಲವೂ ಅದರಲ್ಲಿ ಇದ್ದಿತೆಂದು ಒಪ್ಪಿಕೊಳ್ಳಬೇಕು. ರಜೆಯಲ್ಲಿ ಕಾಫಿ ಕೊಯ್ದು ಕೂಡಿಸಿದ ಹಣದಿಂದ ಎರಡು ಅಂಗುಲ ಉದ್ದ ಹೆಚ್ಚಿರುವ ಶ್ಯಾಕಲ್‌ಗಳನ್ನೂ ಗುಜರಿಯಿಂದ ದಪ್ಪನೆಯ ಪಟ್ಟಿಗಳನ್ನೂ ತಂದೆ. ಶ್ಯಾಕಲೆಂದರೆ ಕಮಾನಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ. ಜೀಪು ಮೂರು ಅಂಗುಲ ಏರಿತು. ನೋಡಲು ಲಕ್ಷಣವಾಗಿಯೇ ಇದ್ದಿತು.

ಮೊದಲ ಮಳೆಗೆ ಅದೇ ತಿರುವಿನಲ್ಲಿ, ಅದೇ ದಿಣ್ಣೆಯ ಮೇಲೆ, ಜೀಪು ಮೊದಲಿನಂತೆಯೇ ಕುಳಿತಿತು!

ನಾನು ಕಣ್ಣುಕಣ್ಣು ಬಿಟ್ಟೆ. ತಂದೆಯವರು ಟಾರ್ಚು ಹಿಡಿದು ಕೆಳಗೆ ನುಸುಳಿ, ‘ಬಾರೋ ಇಲ್ಲಿ. ಮಣ್ಣು ಎಲ್ಲಿ ಉಜ್ಜಿದೆ ನೋಡು’ ಎಂದರು. ಉಜ್ಜಿ ಹೊಳೆಯುತ್ತಿದ್ದುದು ಚಾಸಿಯಲ್ಲ, ಆಕ್ಸಲಿನ ನಡುವೆ ಉಬ್ಬಿರುವ ಡಿಫರೆನ್ಷಿಯಲ್ಲಿನ ಉಂಡೆ. ಕಮಾನು ಎತ್ತುವುದು ತನ್ನ ಮೇಲಿರುವುದನ್ನು ಮಾತ್ರ: ಚಾಸಿ, ಎಂಜಿನ್, ಕುಳಿತಿರುವ ನಾವು. ಆಕ್ಸಲ್ ಚಕ್ರದ ನಡುವಿನಲ್ಲಿಯೇ ಇರುವುದು. ಅದನ್ನು ನೆಲದಿಂದ ದೂರಮಾಡಬಲ್ಲದ್ದು ಟೈರು ಒಂದೇ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 6.00-16ರ ಟೈರಿನ ಬದಲು 7.00-16 ಹಾಕಿದರೆ ವ್ಯಾಸ ಸುಮಾರು 2 ಅಂಗುಲ ಹೆಚ್ಚುವುದು, ಆಕ್ಸಲ್ ಏರುವುದು ಒಂದೇ ಅಂಗುಲ. ಅದಕ್ಕೂ ಬೆಲೆ ತೆರಬೇಕು. ವ್ಯಾಸ ನೂರಕ್ಕೆ ಏಳರಷ್ಟು ಬೆಳೆದರೆ ಏರಿನಲ್ಲಿ ಎಂಜಿನಿನ ಎಳೆತ ಅಷ್ಟೇ ತಗ್ಗುವುದು, ಬ್ರೇಕಿಗೆ ಅಷ್ಟೇ ಶ್ರಮ ಹೆಚ್ಚುವುದು, ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸುವುದು. ಆದುದರಿಂದ ಸಾಮಾನು ಆರಿಸುವ ಮುನ್ನ ಗಾಡಿಯ ಕೆಳಗೆ ಮಲಗಿ, ನೆಲಕ್ಕೆ ತಾಗುತ್ತಿರುವುದು ಯಾವುದೆಂದು ನೋಡಬೇಕು. ಚಾಸಿಯೋ ಗೇರುಪೆಟ್ಟಿಗೆಯ ಅಡಿಯೋ ತಾಗುತ್ತಿದ್ದರೆ ಕಮಾನಿನಿಂದ ಪ್ರಯೋಜನವುಂಟು. ಉಂಡೆ ತಾಗುತ್ತಿದ್ದರೆ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಷ್ಟ ಹಣದ್ದು ಮಾತ್ರ. ಹದಿನೈದು ದಿನಗಳ ಮೇಲೆ ಒಂದು ಬೆಳಿಗ್ಗೆ, ಜೀಪಿನಲ್ಲಿ ಐದು ಮಕ್ಕಳಿದ್ದಾಗ, ಇಳಿಜಾರಿನ ನೆತ್ತಿಯಲ್ಲಿ ಬ್ರೇಕಿನ ಪೆಡಲು ನೆಲಕ್ಕೆ ಹೋಯಿತು. ಗಾಡಿ ಎತ್ತರವಾದಾಗ ಚಾಸಿಗೂ ಆಕ್ಸಲಿಗೂ ನಡುವೆ ಅಂತರ ಬೆಳೆದಿತ್ತು. ಅಲ್ಲಿಂದ ಇಲ್ಲಿಗೆ ಇಳಿಯುವ ಬ್ರೇಕಿನ ರಬ್ಬರ್ ಕೊಳವೆ ಮಾತ್ರ ಹಳೆಯ ಉದ್ದದ್ದೇ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅದು ಬಿಗಿದು ಬಿಗಿದು ಕೊನೆಗೆ ಹರಿಯಿತು. ಈ ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಹರಿದರೆ ನಾಲ್ಕೂ ಹೋದಂತೆ. ತಂದೆಯವರು ಇಳಿಜಾರಿಗೆ ಮೊದಲೇ ಮೊದಲ ಗೇರಿಗೆ ಹಾಕಿದ್ದರಿಂದ, ಮೆಲ್ಲನೆ ಎಡಗಡೆಯ ದರೆಗೆ ಒರಗಿಸಿ ನಿಲ್ಲಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ಮನೆಗೆ ಬಂದು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಈ ವಿಷಯವನ್ನು ಕ್ರಮವಾಗಿ ಓದಲಾರಂಭಿಸಿದೆ. ಇತಿಹಾಸದ ವಿದ್ಯಾರ್ಥಿಗೆ ಅಲ್ಲಿಯೂ ಒಬ್ಬ ಪರಿಚಿತ ಸಿಕ್ಕಿದನು, ರಾಬರ್ಟ್ ಹುಕ್. ಹೇರಿದ ಭಾರಕ್ಕೆ ತಕ್ಕಷ್ಟು ಸ್ಪ್ರಿಂಗು ಬಾಗುವುದೆಂಬ ನಿಯಮವನ್ನು ಈತನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚುಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದನು. ಗೇರುಪೆಟ್ಟಿಗೆಯ ತಿರುಗುಬಲವನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಷಾಫ್ಟಿನ ತುದಿಯಲ್ಲಿರುವ ಅಡ್ಡಕೀಲಿಗೂ ಹುಕ್‌ನ ಹೆಸರೇ ಇದೆ. ಜೀಪನ್ನು ಎತ್ತರಿಸುವವನು ಈತನ ಎರಡು ವಿಷಯಗಳನ್ನೂ ಒಟ್ಟಿಗೆ ಕೆಣಕುತ್ತಾನೆ.

ಮೊದಲು ಕಮಾನು. ಪಟ್ಟಿಗಳ ಸಂಖ್ಯೆ ಹೆಚ್ಚಿದಂತೆ ಕಮಾನಿನ ಬಿಗುವು ಅದೇ ಪ್ರಮಾಣದಲ್ಲಿ ಹೆಚ್ಚುವುದು. ದಪ್ಪ ಹೆಚ್ಚಿದರೆ ದಪ್ಪದ ಘನದಷ್ಟು. ಎಂಟು ಪಟ್ಟಿಯ ಕಮಾನಿಗೆ ಅಂಥದೇ ಒಂಬತ್ತನೆಯದನ್ನು ಸೇರಿಸಿದರೆ ಬಿಗುವು ನೂರಕ್ಕೆ ಹನ್ನೆರಡೂವರೆಯಷ್ಟು ಏರುವುದು. ಎಲ್ಲ ಪಟ್ಟಿಗಳನ್ನೂ 6 ಮಿಲಿಮೀಟರಿನಿಂದ 7ಕ್ಕೆ ಏರಿಸಿದರೆ ನೂರಕ್ಕೆ ಸುಮಾರು 59ರಷ್ಟು! ಒಂದು ಮಿಲಿಮೀಟರು ಏನು ಮಹಾ ಎಂದು ಗುಜರಿಯಲ್ಲಿ ನಿಂತು ನಾನು ಎಣಿಸಿದ್ದೆ. ಅತಿ ಬಿಗುವಾದ ಕಮಾನು ಕೊರಕಲಿನಲ್ಲಿ ಬಾಗುವುದಿಲ್ಲ. ಒಂದು ಚಕ್ರ ಗಾಳಿಯಲ್ಲಿ ತೂಗುವುದು, ಎಳೆಯಬೇಕಾದ ಚಕ್ರ ಸುಮ್ಮನೆ ತಿರುಗುವುದು. ಆದುದರಿಂದ ಕಮಾನನ್ನು ಆರಿಸಬೇಕಾದುದು ಬೇಕಾದ ಎತ್ತರವನ್ನು ನೋಡಿಯಷ್ಟೇ ಅಲ್ಲ, ಗಾಡಿ ನಿತ್ಯ ಹೊರುವ ಭಾರವನ್ನು ತೂಗಿ. ಐದು ಮಕ್ಕಳ ಭಾರ ಬೇರೆ, 50 ಕಿಲೋಗ್ರಾಮಿನ ಹತ್ತು ಚೀಲಗಳ ಭಾರ ಬೇರೆ. ಪಟ್ಟಿಯ ಬಿಗುವನ್ನು ಹಾಗೆಯೇ ಉಳಿಸಿ ಬಾಗನ್ನು ಮಾತ್ರ ಹೆಚ್ಚಿಸಿದ ಕಮಾನು, ಎತ್ತರವನ್ನೂ ಕೊಡುವುದು, ಮೈಯನ್ನೂ ನುಗ್ಗುಮಾಡದು.

ಉದ್ದದ ಶ್ಯಾಕಲ್ ಅಗ್ಗ. ಅದರ ಗುಣವೂ ಅಷ್ಟರದೇ. ಎರಡು ಅಂಗುಲ ಉದ್ದ ಹೆಚ್ಚಿಸಿದರೆ ಆಕ್ಸಲಿನ ಬಳಿ ದೊರೆಯುವುದು ಒಂದು ಅಂಗುಲ. ನಮ್ಮ ಜೀಪಿನ ಮುಂಗಮಾನಿಗೆ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಆ ತುದಿ ತಗ್ಗಿದರೆ ಆಕ್ಸಲ್ ಮುಂದಕ್ಕೆ ಹೊರಳುವುದು. ಸೈಕಲ್ಲಿನ ಮುಂಗಾಲು ಹಿಂದಕ್ಕೆ ವಾಲಿರುವುದು, ಕೈಬಿಟ್ಟರೂ ಅದು ನೆಟ್ಟಗೆ ಹೋಗಲು ನೆರವಾಗುವುದಷ್ಟೆ? ಜೀಪಿನಲ್ಲಿಯೂ ಅಂಥ ವಾಲು ಇದೆ. ಅದಕ್ಕೆ ಕ್ಯಾಸ್ಟರ್ ಎನ್ನುವರು. ಅದು ತಗ್ಗಿದಾಗ ಡಾಂಬರಿನ ಮೇಲೆ ಗಾಡಿ ದಾರಿತಪ್ಪಿದ ಹಸುವಿನಂತೆ ಅತ್ತಿತ್ತ ಎಳೆಯುವುದು. ಕಮಾನಿಗೂ ಆಕ್ಸಲಿಗೂ ನಡುವೆ ಓರೆಯಾದ ಉಕ್ಕಿನ ಬೆಣೆ ಇಟ್ಟು ಇದನ್ನು ಸರಿಪಡಿಸಬಹುದು.

ಕೆಲವರು ಕಮಾನನ್ನು ಆಕ್ಸಲಿನ ಕೆಳಗಿನಿಂದ ಮೇಲಕ್ಕೆ ಸಾಗಿಸುವರು. ಒಂದೇ ಏಟಿಗೆ ಸುಮಾರು 5 ಅಂಗುಲ ಸಿಕ್ಕುವುದು. ನನಗೆ ಇದು ಹಿಡಿಸದು. ಹಿಂದಿನ ಷಾಫ್ಟು 20 ಅಂಗುಲವೆಂದು ಇಟ್ಟುಕೊಂಡರೆ, 2 ಅಂಗುಲ ಎತ್ತರಿಸಿದಾಗ ಅದರ ಕೋನ ಸುಮಾರು 6 ಡಿಗ್ರಿ ಹೆಚ್ಚುವುದು, 5 ಅಂಗುಲಕ್ಕೆ 14 ಡಿಗ್ರಿ. ಹುಕ್‌ನ ಕೀಲು ಓರೆಯಾದಷ್ಟೂ ಷಾಫ್ಟು ಒಂದು ಸುತ್ತಿಗೆ ಎರಡು ಬಾರಿ ಮುಗ್ಗರಿಸಿ ತಿರುಗುವುದು. ಎರಡು ತುದಿಯ ಕೋನಗಳು ಸಮವಾಗಿದ್ದರೆ ಒಂದರ ಮುಗ್ಗರಿಕೆಯನ್ನು ಇನ್ನೊಂದು ನುಂಗಿಕೊಳ್ಳುವುದು; ಆದರೂ ಕೀಲಿನ ಸವೆತ ತಪ್ಪದು. ಹಿಂದಿನ ಶ್ಯಾಕಲನ್ನು ಉದ್ದಮಾಡಿದರೆ ಆ ಸಮತೆಯೂ ಕೆಡುವುದು.

ಶಾಕ್ ಅಬ್ಸಾರ್ಬರನ್ನು ಅಂಗಡಿಯವನ ಮಾತಿನ ಮೇಲೆ ಕೊಳ್ಳಬಾರದು. ಚಾಸಿಯನ್ನು ಜಾಕಿಯಿಂದ ಎತ್ತಿ ಆಕ್ಸಲನ್ನು ಪೂರ್ತಿ ಇಳಿಬಿಟ್ಟು ಒಂದು ಅಳತೆ, ತಡೆರಬ್ಬರಿಗೆ ತಾಗುವಷ್ಟು ಮೇಲೆತ್ತಿ ಇನ್ನೊಂದು ಅಳತೆ ತೆಗೆದುಕೊಳ್ಳಬೇಕು. ಪೂರ್ತಿ ಹಿಗ್ಗಿದಾಗ ಮೊದಲನೆಯದಕ್ಕಿಂತ ಉದ್ದ, ಪೂರ್ತಿ ಕುಗ್ಗಿದಾಗ ಎರಡನೆಯದಕ್ಕಿಂತ ಗಿಡ್ಡ ಇರುವುದೇ ಸರಿಯಾದುದು. ಬ್ರೇಕಿನ ಕೊಳವೆಯನ್ನೂ ಆಕ್ಸಲ್ ಇಳಿಬಿದ್ದಾಗಲೇ, ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ನಾನು ನೋಡಲಿಲ್ಲ.

ಮಗುಚುವ ಭಯದ ಲೆಕ್ಕವನ್ನು ಯಾರಾದರೂ ಮಾಡಬಹುದು. ಚಕ್ರಗಳ ನಡುವಣ ಅಂತರದ ಅರ್ಧ, ಅಂದರೆ 24 ಅಂಗುಲವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಎತ್ತರ 26 ಅಂಗುಲವೆಂದು ಊಹಿಸಿದರೆ ಗಾಡಿ ಪಕ್ಕಕ್ಕೆ ಸುಮಾರು 43 ಡಿಗ್ರಿ ವಾಲುವವರೆಗೆ ನಿಲ್ಲುವುದು. ಗುರುತ್ವಕೇಂದ್ರ 3 ಅಂಗುಲ ಏರಿದರೆ 40ಕ್ಕೂ ಒಳಗೆ. ಇದು ಕಾಗದದ ಮೇಲಿನ ಕೋನ. ನಿಜವಾದ ಗಾಡಿಯಲ್ಲಿ ತಗ್ಗಿನ ಕಡೆಯ ಕಮಾನು ಕುಗ್ಗುವುದರಿಂದ ಅದಕ್ಕಿಂತ ಮೊದಲೇ ಮಗುಚುವುದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್, ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸಾಮಾನು ಕೊಂಡ ಮೇಲಲ್ಲ, ಕೊಳ್ಳುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ನಾವು ಕಡೆಗೆ ಮಾಡಿದ್ದಿಷ್ಟು. ದಪ್ಪ ಪಟ್ಟಿಗಳನ್ನು ತೆಗೆದೆವು. ಹಳೆಯ ಶ್ಯಾಕಲನ್ನೇ ಹಾಕಿದೆವು. ಹಳೆಯ ಕಮಾನುಗಳನ್ನು ಅಳೆದು ನೋಡಿದಾಗ ಅವು ವರ್ಷಗಳ ಭಾರಕ್ಕೆ ಒಂದೂವರೆ ಅಂಗುಲ ಚಪ್ಪಟೆಯಾಗಿದ್ದುವು. ಅವನ್ನು ಬಡಿಸಿ ಬಾಗು ತರಿಸಿ, ಹೊಸ ಬುಷ್ ಕೂರಿಸಿ, ಕೊಳವೆಗಳನ್ನೆಲ್ಲ ಹೊಸದು ಹಾಕಿಸಿದೆವು. ಗಾಡಿ ತನ್ನ ಹುಟ್ಟಿನ ಎತ್ತರಕ್ಕೆ ಬಂದಿತು. ಇನ್ನು ಉಂಡೆಗೆ ತಾಗುವ ದಿಣ್ಣೆಯ ವಿಷಯ. ಒಂದು ಭಾನುವಾರ ತಂದೆಯವರೂ ನಾನೂ ಗುದ್ದಲಿ ಪಿಕಾಸಿ ಹಿಡಿದು ಹೋಗಿ ಅದನ್ನು ಕಡಿದು, ಜಾಡುಗಳಿಗೆ ಕಲ್ಲು ತುಂಬಿದೆವು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಉದ್ದದ ಶ್ಯಾಕಲ್‌ಗಳು ಈಗ ಕೊಟ್ಟಿಗೆಯಲ್ಲಿವೆ; ಮೆಣಸು ಒಣಗಿಸುವ ಟಾರ್ಪಾಲು ಗಾಳಿಗೆ ಹಾರದಂತೆ ಅಮ್ಮ ಅವನ್ನು ನಾಲ್ಕು ಮೂಲೆಗೆ ಇಡುತ್ತಾರೆ.